ಪತ್ರದಲ್ಲಿ ಕಾಣದ ಒಂದು ಪದ

“ಮಗನಿಗೆ ಹನ್ನೊಂದು ವರ್ಷ, 6ನೇ ತರಗತಿ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ತೂಕ 52 ಕೆ.ಜಿ. ಎಂದು ಬರೆದು, ಅಡಿಯಲ್ಲಿ ಕೆಂಪು ಗೆರೆ ಎಳೆದು ಚೀಟಿ ಕಳುಹಿಸಿದ್ದಾರೆ. ಬೆಳಿಗ್ಗೆ ದೋಸೆ ಇಲ್ಲವೇ ಅವಲಕ್ಕಿ, ಡಬ್ಬಿಗೆ ಚಿತ್ರಾನ್ನ, ಸಂಜೆ ಟ್ಯೂಷನ್‌ಗೆ ಮುಂಚೆ ಮಂಡಕ್ಕಿ, ಬಿಸ್ಕತ್ತು, ಕೆಲವೊಮ್ಮೆ ಚಿಪ್ಸ್. ಅನ್ನಕ್ಕೆ ತುಪ್ಪ ಬಡಿಸದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಅನ್ನ ಬಿಡಿಸಲೇ, ತುಪ್ಪ ಬಿಡಿಸಲೇ? ಮಕ್ಕಳ ತೂಕ ಇಳಿಸುವ ಆಹಾರದ ಪಟ್ಟಿಯೊಂದನ್ನು ಪ್ರಕಟಿಸಿ.”
– ಒಬ್ಬ ತಾಯಿ, ದಾವಣಗೆರೆ

ಸೋದರಿ,

ಮೇಲೆ ಅಚ್ಚಾಗಿರುವುದು ನಿಮ್ಮ ಪತ್ರದ ಕಾಲುಭಾಗ. ಮೂರು ಪುಟಗಳನ್ನೂ ಎರಡು ಸಲ ಓದಿದೆ. ತಿಂಡಿತಿನಿಸುಗಳ ಹೆಸರು ಹದಿನಾಲ್ಕು ಸಿಕ್ಕವು. ‘ಆಟ’ ಎಂಬ ಪದ ಒಂದು ಕಡೆಯೂ ಇಲ್ಲ. ಸಂಜೆ ಆರರಿಂದ ಎಂಟು ಟ್ಯೂಷನ್, ಭಾನುವಾರ ಅಬ್ಯಾಕಸ್ ಎಂದು ಬರೆದಿದ್ದೀರಿ. ಮಗನ ತುತ್ತು ತುತ್ತಿಗೂ ಲೆಕ್ಕ ಇಟ್ಟಿರುವ ನೀವು, ಅವನು ಕೊನೆಯ ಸಲ ಬೆವೆತು, ಮೊಣಕಾಲು ತರಚಿಕೊಂಡು ಮನೆಗೆ ಬಂದದ್ದು ಯಾವಾಗ ಎಂದು ಬರೆಯಲಿಲ್ಲ. ನೊಂದುಕೊಳ್ಳಬೇಡಿ. ಇಷ್ಟು ಅಕ್ಕರೆಯಿಂದ ಬರೆಯುವ ತಾಯಿಗೆ ಮಾತ್ರ ಇದನ್ನು ಹೇಳಬಹುದೆಂದು ಹೇಳುತ್ತಿದ್ದೇನೆ.

ಊಟದ ಮಾತು ಮೊದಲು ಮುಗಿಸುತ್ತೇನೆ. ಚಿಪ್ಸ್ ಬಿಡಿಸಿ. 300 ಮಿ.ಲೀ. ಕೋಲಾದಲ್ಲಿ ಸುಮಾರು ಎಂಟು ಚಮಚ ಸಕ್ಕರೆ ಇರುತ್ತದೆ, ಅದು ಹೊಸ್ತಿಲು ದಾಟುವುದೇ ಬೇಡ. ಇಂಥ ಪದಾರ್ಥಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಸಕ್ಕರೆಯ ಅಪಾಯ ತಿಳಿಸುವ ಫಲಕ ಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಒಳ್ಳೆಯ ಕೆಲಸ. ತೂಕದ ವಿಷಯದಲ್ಲಿ ಓಟಕ್ಕಿಂತ ಊಟದ ಪಾಲು ದೊಡ್ಡದು ಎಂದು ವೈದ್ಯರು ಹೇಳುವುದನ್ನೂ ಒಪ್ಪುತ್ತೇನೆ. ಮಗನನ್ನು ಮಕ್ಕಳ ವೈದ್ಯರಿಗೆ ತಪ್ಪದೆ ತೋರಿಸಿ. ಬೆಳೆಯುವ ಮಗುವಿಗೆ ಪತ್ರಿಕೆಯ ಪಟ್ಟಿ ನೋಡಿ ಪಥ್ಯ ಮಾಡಿಸುವಂತಿಲ್ಲ. ಪಟ್ಟಿ ಪ್ರಕಟಿಸದಿರುವುದು ಅದಕ್ಕೇ.

ಈಗ ನನ್ನ ಮಾತು ಕೇಳಿ. ಕಳೆದ ಡಿಸೆಂಬರ್‌ನಲ್ಲಿ ಮೊಮ್ಮಗಳ ಓದುವ ಮೇಜಿನ ಮೇಲೆ ಅಂಟಿಸಿದ್ದ ವೇಳಾಪಟ್ಟಿ ನೋಡುತ್ತಿದ್ದೆ. ಮಂಗಳವಾರ, ಶುಕ್ರವಾರ ಕೊನೆಯ ಅವಧಿ ದೈಹಿಕ ಶಿಕ್ಷಣ. ಅಂದು ಮಂಗಳವಾರ. “ಇವತ್ತು ಏನು ಆಡಿದೆ ಪುಟ್ಟಿ?” ಎಂದೆ. “ಲ.ಸಾ.ಅ., ಮ.ಸಾ.ಅ.” ಎಂದಳು. ತಮಾಷೆಗೆ ಹೇಳಿದ್ದಲ್ಲ, ಅವಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಗಣಿತದ ಪಾಠ ಹಿಂದೆ ಬಿದ್ದಿತ್ತು, ಆಟದ ಅವಧಿಯನ್ನು ಅದಕ್ಕೆ ಕೊಟ್ಟಿದ್ದರು. ಬಾಗಿಲ ಬಳಿ ಅವಳ ಬಿಳಿ ಕ್ಯಾನ್ವಾಸ್ ಶೂ ಇತ್ತು. ಎತ್ತಿ ತಿರುಗಿಸಿದೆ. ಜೂನ್‌ನಲ್ಲಿ ಕೊಂಡದ್ದು, ಅಡಿಯ ಗೀರುಗಳು ಅಂಗಡಿಯಲ್ಲಿ ಇದ್ದಂತೆಯೇ ಇದ್ದವು. ಶಾಲೆಗೆ ಹೋಗಿ ಕೇಳಿದರೆ “ಸಿಲಬಸ್ ಮುಗಿಯಬೇಕಲ್ಲ ಸರ್” ಎಂದರು.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ 420 ನಿಮಿಷ. ನಲವತ್ತು ನಿಮಿಷದ ಎರಡು ಅವಧಿ ಪೂರ್ತಿ ಸಿಕ್ಕರೂ 80. ಆ ಎಂಬತ್ತನ್ನೂ ನಾವು ಕಸಿದುಕೊಂಡು, ಮಗು ದಪ್ಪಗಾಯಿತೆಂದು ಅಡುಗೆಮನೆಯ ಕಡೆ ಬೆರಳು ತೋರಿಸುತ್ತೇವೆ.

2024ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತೇನೆ. ಭಾರತದಲ್ಲಿ 5ರಿಂದ 19 ವಯಸ್ಸಿನವರಲ್ಲಿ ಬೊಜ್ಜಿರುವವರು 1990ರಲ್ಲಿ ಸುಮಾರು 4 ಲಕ್ಷ, 2022ರಲ್ಲಿ ಸುಮಾರು 1.25 ಕೋಟಿ. ಪೊಟ್ಟಣದ ತಿಂಡಿ ಬಂದದ್ದು ನಿಜ. ಆದರೆ ಈ ಮೂವತ್ತೆರಡು ವರ್ಷಗಳಲ್ಲಿ ನಮ್ಮ ಊರುಗಳಿಂದ ಏನು ಹೋಯಿತು ಎಂದೂ ಕೇಳಬೇಡವೇ? ಲಗೋರಿಗೆ ಹೆಂಚಿನ ಚೂರು ಪೇರಿಸುತ್ತಿದ್ದ ಖಾಲಿ ನಿವೇಶನ ಹೋಯಿತು. ಚಿನ್ನಿದಾಂಡು ಆಡುತ್ತಿದ್ದ ಬೀದಿಯಲ್ಲಿ ಎರಡೂ ಬದಿಗೆ ಕಾರು ನಿಂತಿವೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ‘ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ.

ನಮ್ಮ ತರಗತಿಯಲ್ಲೂ ಒಬ್ಬ ದಪ್ಪ ಹುಡುಗನಿದ್ದ. ಓಟದಲ್ಲಿ ಕೊನೆಯವನು. ನಮ್ಮ ಡ್ರಿಲ್ ಮೇಷ್ಟ್ರು ಅವನನ್ನು ಕಬಡ್ಡಿ ಅಂಕಣದ ಮೂಲೆಯಲ್ಲಿ ನಿಲ್ಲಿಸಿದರು. ದಾಳಿಗೆ ಬಂದವನ ಹಿಮ್ಮಡಿ ಅವನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ನಡುಗೆರೆಗೆ ಎಷ್ಟೇ ಕೈ ಚಾಚಿದರೂ ಉಸಿರು ಹೋಗುವತನಕ ಬಿಡುತ್ತಿರಲಿಲ್ಲ. ಗದ್ದದಿಂದ ಮೊಣಕೈವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಏಳುತ್ತಿದ್ದ. ಅವನು ಸಣ್ಣಗಾದನೇ ಎಂದು ಯಾರೂ ನೋಡಲಿಲ್ಲ. ತಂಡ ಆರಿಸುವಾಗ ಮೊದಲು ಕೂಗುತ್ತಿದ್ದುದು ಅವನ ಹೆಸರನ್ನು. ಇಂದು ಅಂಥ ಹುಡುಗನ ಕೈಗೆ ಕೆಂಪು ಗೆರೆಯ ಚೀಟಿ ಕೊಟ್ಟು ಕಳುಹಿಸುತ್ತೇವೆ.

ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಮದುವೆ ಛತ್ರದಂಥ ಕಟ್ಟಡದಲ್ಲಿ, ಬಸ್ಸು ತಿರುಗಿಸುವ ಜಾಗವನ್ನೇ ಮೈದಾನವೆಂದು ತೋರಿಸಿ ನಡೆಯುವ ಶಾಲೆಗಳನ್ನು ನಾನೇ ನೋಡಿದ್ದೇನೆ. ನಿಜವಾದ ಮೈದಾನ ಉಳಿದಿರುವ ಊರಿನಲ್ಲಿ ಅದು ವಸ್ತುಪ್ರದರ್ಶನಕ್ಕೆ, ಪಕ್ಷಗಳ ಸಮಾವೇಶಕ್ಕೆ. ಮರುದಿನ ಮಕ್ಕಳು ಬಂದರೆ ಅಲ್ಲಿ ಶಾಮಿಯಾನದ ಗೂಟದ ಗುಂಡಿಗಳು. ಎಸ್ಸೆಸ್ಸೆಲ್ಸಿಗೆ ಬಂದ ಮಕ್ಕಳಿಗಂತೂ ಆಟವೇ ಅಪರಾಧ. ಹೆಣ್ಣುಮಕ್ಕಳ ಪಾಡು ಇನ್ನೂ ಕಡೆ: ಏಳನೇ ತರಗತಿ ದಾಟಿದವರು ಮೆಟ್ಟಿಲ ಮೇಲೆ ಕುಳಿತು ಹುಡುಗರ ಕ್ರಿಕೆಟ್ ನೋಡುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸಿ ಖೋ-ಖೋ ಕಂಬದ ಬಳಿಗೆ ಕರೆದೊಯ್ಯುವ ಶಿಕ್ಷಕಿ ಎಷ್ಟು ಶಾಲೆಗಳಲ್ಲಿದ್ದಾರೆ?

ನೀವು ಕೇಳಿದ್ದಕ್ಕೆ ಉತ್ತರ: ಅನ್ನ ಇರಲಿ, ಅಳತೆ ವೈದ್ಯರು ಹೇಳಲಿ. ಅತ್ತೆಯವರು ಬಡಿಸುವ ತುಪ್ಪ ಒಂದು ಚಮಚಕ್ಕೆ ನಿಲ್ಲಲಿ. ಟ್ಯೂಷನ್ ಆರರ ಬದಲು ಏಳಕ್ಕೆ ಆಗುವುದೇ ವಿಚಾರಿಸಿ, ಆಗದಿದ್ದರೆ ಅಬ್ಯಾಕಸ್ ಬಿಡಿಸಿ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ಕೈಗೆ ಬರುವ ಮೊದಲೇ ಎದ್ದು ನಿಂತು, ಈ ತಿಂಗಳು ಆಟದ ಅವಧಿ ಎಷ್ಟು ನಡೆದವು ಎಂದು ಕೇಳಿ. ಅವರು ಏನು ಹೇಳಿದರೆಂದು ನನಗೆ ಬರೆಯಿರಿ. ಆ ಪತ್ರವನ್ನು ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇನೆ.

– ಸಂ.