ಓದುಗರ ಪ್ರಶ್ನೆ: ಕುಲಾಂತರಿ ನಮ್ಮ ತಾಟಿನಲ್ಲಿದೆಯೋ, ಹೊಲದಲ್ಲಿದೆಯೋ?

ಪ್ರಶ್ನೆ: ಗಂಜ್‌ನಿಂದ ತರೋ ತೊಗರಿಬ್ಯಾಳಿ, ಬೀಜ ಇಲ್ಲದ ಕಲ್ಲಂಗಡಿ, ವಾರ ಆದ್ರೂ ಕೆಡದ ಟೊಮ್ಯಾಟೊ ಎಲ್ಲಾ ಕುಲಾಂತರಿ ಅಂತಾರ. ಬ್ಯಾಳಿ ಉಣ್ಣೋದು ಬಿಡಬೇಕೇನು?
– ಗೃಹಿಣಿ, ಕಲಬುರಗಿ

ಉತ್ತರ: ಬಿಡಬೇಡಿ. ಕುಲಾಂತರಿ ತೊಗರಿಯನ್ನು ಯಾವ ದೇಶದ ರೈತರೂ ಬೆಳೆಯುತ್ತಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬರುವ ತೊಗರಿಗೂ ಇದೇ ಮಾತು. ನಮ್ಮ ಕಡೆಯ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಾಮೂಲಿ ತಳಿ ಅಭಿವೃದ್ಧಿಯಿಂದ ಬಂದವು. ಬೀಜವಿಲ್ಲದ ಕಲ್ಲಂಗಡಿ, ಗಟ್ಟಿ ಸಿಪ್ಪೆಯ ಟೊಮ್ಯಾಟೊ ಬರೀ ಹೈಬ್ರಿಡ್. ಬೇರೊಂದು ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸಿದರೆ ಮಾತ್ರ ಅದು ಕುಲಾಂತರಿ. ನಮ್ಮ ದೇಶದ ರೈತರು ಬೆಳೆಯಲು 2002ರಲ್ಲಿ ಒಪ್ಪಿಗೆ ಸಿಕ್ಕಿದ್ದು ಬಿಟಿ ಹತ್ತಿಗೆ, ಅಂದರೆ ಹುಳ ಕೊಲ್ಲುವ ಪ್ರೋಟೀನು ಮಾಡುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿಗೆ.

ನಿಮ್ಮ ಅಡುಗೆಮನೆಗೆ ಕುಲಾಂತರಿ ಬರುವ ದಾರಿ ಎಣ್ಣೆಯದು. ಒಂದು ಹತ್ತಿಕಾಳಿನ ಎಣ್ಣೆ, ಇನ್ನೊಂದು ಅರ್ಜೆಂಟೀನಾ, ಬ್ರೆಜಿಲ್‌ನಿಂದ ಬರುವ ಸೋಯಾ ಎಣ್ಣೆ. ಬೀದರ್ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಜೆಎಸ್-335 ಸೋಯಾ ಕುಲಾಂತರಿ ಅಲ್ಲ. ರಿಫೈನ್ ಮಾಡುವಾಗ ಪ್ರೋಟೀನು, ಡಿಎನ್‌ಎ ಬಹುತೇಕ ಹೊರಹೋಗುವುದರಿಂದ ಎಣ್ಣೆಗೆ ಹೆದರಬೇಕಿಲ್ಲ. ಆದರೂ ಕೊಳ್ಳುವವರಿಗೆ ತಿಳಿಯುವ ಹಕ್ಕಿದೆ. ಪೊಟ್ಟಣದ ಮೇಲೆ ‘ಜಿಎಂ’ ಎಂದು ನಮೂದಿಸಬೇಕೆಂಬ ನಿಯಮ 2013ರ ಜನವರಿಯಲ್ಲೇ ಬಂತು. ಅಂಗಡಿಯಲ್ಲಿ ಅದು ಕಾಣುವುದು ಅಪರೂಪ. ಇದನ್ನು ಗಟ್ಟಿಯಾಗಿ ಕೇಳಲೇಬೇಕು.

ಪ್ರಶ್ನೆ: ಎಮ್ಮೆಗೆ ಬಿಟಿ ಹತ್ತಿಕಾಳಿನ ಹಿಂಡಿ ಹಾಕಿದರೆ ಹಾಲಿನಲ್ಲಿ ವಿಷ ಬರುತ್ತದೆಯೇ?
– ಹೈನುಗಾರ, ಭಾಲ್ಕಿ

ಉತ್ತರ: ಬಿಟಿ ಪ್ರೋಟೀನು ಕೆಲಸ ಮಾಡಲು ಹುಳುವಿನ ಕ್ಷಾರೀಯ ಕರುಳು ಬೇಕು, ಅದು ಅಂಟಿಕೊಳ್ಳುವ ವಿಶೇಷ ತಾಣಗಳೂ ಅಲ್ಲಿರಬೇಕು. ಎಮ್ಮೆಯ ಹೊಟ್ಟೆಯಲ್ಲಿ ಅದು ಉಳಿದ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ.

ನೀವು ನೋಡಬೇಕಾದದ್ದು ಬೂಸ್ಟು. ಹಸಿ ನೆಲದ ಮೇಲೆ ಚೀಲ ಇಟ್ಟರೆ ಹಿಂಡಿಯಲ್ಲಿ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ, ಅದರ ಒಂದು ಪಾಲು ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಹಿಂಡಿಯನ್ನು ಮುರಿದು ಒಳಭಾಗ ನೋಡಿ: ಹಸಿರು ಅಥವಾ ಕಪ್ಪು ಬೂಸ್ಟು, ಮುಗ್ಗಲು ವಾಸನೆ ಇದ್ದರೆ ಬಿಸಿಲಿಗೆ ಹಾಕಿ ಮತ್ತೆ ತಿನ್ನಿಸಬೇಡಿ, ತಿಪ್ಪೆಗೆ ಹಾಕಿ. ಹತ್ತಿಕಾಳಿನಲ್ಲಿ ಸಹಜವಾಗಿಯೇ ಗಾಸಿಪಾಲ್ ಎಂಬ ವಿಷವಿದೆ. ದೊಡ್ಡ ದನ ತಾಳಿಕೊಳ್ಳುತ್ತದೆ. ನಾಲ್ಕು ತಿಂಗಳೊಳಗಿನ ಕರುವಿಗೆ ಹಾಕಲೇಬೇಡಿ.

ಪ್ರಶ್ನೆ: ಬಿಟಿ ಬೀಜ ಹಾಕಿದರೂ ಕಾಯಿಯೊಳಗೆ ಗುಲಾಬಿ ಹುಳ. ಈಗ ಕಳೆನಾಶಕ ಹೊಡೆದರೂ ಸಾಯದ ಹೊಸ ಬೀಜ ಕೊಡುತ್ತೇವೆ ಅಂತ ಬಂದಿದ್ದಾರೆ. ತಗೊಳ್ಳಬಹುದೇ?
– ರೈತ, ಶಹಾಪುರ

ಉತ್ತರ: ತಗೊಳ್ಳಬೇಡಿ. ಆ ಬೀಜಕ್ಕೆ ಒಪ್ಪಿಗೆಯಿಲ್ಲ, ಬಿಲ್ ಕೊಡುವುದಿಲ್ಲ, ಮೊಳೆಯದಿದ್ದರೆ ಪರಿಹಾರ ಕೇಳಲು ದಾರಿಯಿಲ್ಲ. ಅದಕ್ಕೆ ಹೊಡೆಯುವ ಕಳೆನಾಶಕ ಗ್ಲೈಫೋಸೇಟ್ ಗಾಳಿಗೆ ಹಾರಿದರೆ ಪಕ್ಕದವರ ತೊಗರಿ ಒಣಗುತ್ತದೆ.

ಇನ್ನು ಹುಳದ ಮಾತು. ಗುಲಾಬಿ ಕಾಯಿಕೊರಕಕ್ಕೆ ನಮ್ಮಲ್ಲಿ ಹತ್ತಿ ಬಿಟ್ಟರೆ ಬೇರೆ ಬೆಳೆ ಸಾಲದು. ಹೀಗಾಗಿ ಅದು ವರ್ಷವರ್ಷವೂ ಬಿಟಿಯನ್ನೇ ತಿಂದು ಪಳಗಿತು. ಮೊದಲು ಪ್ಯಾಕೆಟ್ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಬರುತ್ತಿತ್ತು. ವಿಷಕ್ಕೆ ಒಗ್ಗದ ಪತಂಗಗಳು ಹೊಲದಲ್ಲಿ ಉಳಿದು ಒಗ್ಗಿದವುಗಳ ಜೊತೆ ಕೂಡಲಿ, ಅವುಗಳ ಮರಿಗಳು ಬಿಟಿಗೆ ಸಾಯುವಂತೆಯೇ ಇರಲಿ ಎಂಬುದು ಅದರ ಉದ್ದೇಶ. ಬಹಳ ಮಂದಿ ಅದನ್ನು ಬಿತ್ತಲೇ ಇಲ್ಲ. ಬೀಜ ಹೈಬ್ರಿಡ್ ಆಗಿದ್ದರಿಂದ ಇನ್ನೊಂದು ತೊಡಕೂ ಇದೆ: ಒಂದೇ ಕಾಯಿಯೊಳಗಿನ ಕೆಲವು ಕಾಳಿನಲ್ಲಿ ಎರಡು ಬಿಟಿ ಜೀನ್, ಕೆಲವದರಲ್ಲಿ ಒಂದು, ಕೆಲವದರಲ್ಲಿ ಒಂದೂ ಇರುವುದಿಲ್ಲ. ಕಾಳು ತಿನ್ನುವ ಈ ಹುಳಕ್ಕೆ ಅರೆಬರೆ ವಿಷ ಸಿಕ್ಕಿ ನಿರೋಧಕತೆ ಬೇಗ ಬೆಳೆಯಿತು.

ಬಿತ್ತಿದ 45 ದಿನಕ್ಕೆ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಯನ್ನು ಎಕರೆಗೆ 2ರಂತೆ ಕಟ್ಟಿ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಸಿಂಪರಣೆ ಬೇಕು. ಬಲೆಯೊಂದನ್ನೇ ನಂಬಬೇಡಿ. ಹೂ ಅರಳದೆ ದಳಗಳು ನೂಲಿನಿಂದ ಹೆಣೆದಂತೆ ಮುದುಡಿದ್ದರೆ ಒಳಗೆ ಹುಳವಿದೆ, ಕಿತ್ತು ನಾಶಮಾಡಿ. ಹೊಲದಲ್ಲಿ ಅಡ್ಡಾಡಿ 20 ಎಳೆ ಹಸಿರು ಕಾಯಿ ಕಿತ್ತು ಸೀಳಿ, ಎರಡರಲ್ಲಿ ಜೀವಂತ ಹುಳ ಕಂಡರೆ ಪ್ರೊಫೆನೋಫಾಸ್ 50 ಇಸಿ ಲೀಟರಿಗೆ 2 ಮಿ.ಲೀ. ಹೊಡೆಯಿರಿ. ಮೊದಲ ಸಿಂಪರಣೆಗೇ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಬಿಳಿನೊಣ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕಾಲುವೆ ನೀರಿದೆ ಎಂದು ಬೆಳೆಯನ್ನು ಮಾರ್ಚ್‌ವರೆಗೆ ಎಳೆಯಬೇಡಿ. ಡಿಸೆಂಬರ್ ಕೊನೆಗೆ ಮುಗಿಸಿ, ಕುರಿ ಮೇಯಿಸಿ, ಕಟ್ಟಿಗೆ ಪುಡಿಮಾಡಿಸಿ. ಬದುವಿನಲ್ಲಿ ಒಟ್ಟಿದ ಹತ್ತಿಕಟ್ಟಿಗೆಯ ಒಣಕಾಯಿಗಳಲ್ಲೇ ಹುಳ ಮುಂದಿನ ಮುಂಗಾರಿಗೆ ಕಾಯುತ್ತದೆ.

ಪ್ರಶ್ನೆ: ಹಾಗಾದರೆ ತೊಗರಿಯ ಹಸಿರು ಹುಳಕ್ಕೂ ಬಿಟಿ ತೊಗರಿ ಬರಲಿ ಎಂದರೆ ತಪ್ಪೇನು?
– ಕೃಷಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಆಸೆ ತಪ್ಪಲ್ಲ, ಪ್ರಯೋಗಾಲಯಗಳಲ್ಲಿ ಯತ್ನವೂ ನಡೆದಿದೆ. ನಮ್ಮ ತಕರಾರು ತಿನ್ನುವವರ ಆರೋಗ್ಯದ್ದಲ್ಲ. ಹಸಿರು ಕಾಯಿಕೊರಕ ಹತ್ತಿ, ತೊಗರಿ, ಕಡಲೆ ಮೂರನ್ನೂ ತಿನ್ನುತ್ತದೆ. ಬಿಟಿ ಇಲ್ಲದ ತೊಗರಿ, ಕಡಲೆ ಹೊಲಗಳಲ್ಲಿ ವಿಷಕ್ಕೆ ಒಗ್ಗದ ಪತಂಗಗಳು ಉಳಿಯುವುದು ಹತ್ತಿಯಲ್ಲಿ ಅದು ಇನ್ನೂ ಹತೋಟಿಯಲ್ಲಿರಲು ಒಂದು ದೊಡ್ಡ ಕಾರಣ. ಮೂರಕ್ಕೂ ಅದೇ ಜೀನ್ ಹಾಕಿದರೆ ಜೂನ್‌ನಿಂದ ಫೆಬ್ರುವರಿವರೆಗೆ ಅದಕ್ಕೆ ಒಂದೇ ವಿಷ. ಗುಲಾಬಿ ಹುಳದ ಕಥೆ ಇಲ್ಲೂ ಆಗುತ್ತದೆ. ಮೇಲಾಗಿ ತೊಗರಿಯ ತವರು ಭಾರತ. ಜೇನು, ದುಂಬಿ ಪರಾಗವನ್ನು ಪಕ್ಕದ ಹೊಲಕ್ಕೆ ಒಯ್ಯುತ್ತವೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಬೇಳೆಗೆ ಆಗ ಯಾರು ಹೊಣೆ? 2010ರಲ್ಲಿ ಬಿಟಿ ಬದನೆಯನ್ನು ತಡೆಹಿಡಿದಾಗಲೂ ಇಂಥ ಪ್ರಶ್ನೆಗಳಿದ್ದವು. ಕುಲಾಂತರಿ ಸಾಸಿವೆ ಡಿಎಂಎಚ್-11ರ ಬಗ್ಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರೂ ರಾಷ್ಟ್ರೀಯ ನೀತಿ ಬೇಕೆಂಬುದರಲ್ಲಿ ಒಂದಾಗಿದ್ದರು.

ಅಲ್ಲಿಯವರೆಗೆ ಹೂವಿನ ಹಂತದಲ್ಲಿ 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ಕಷಾಯ ಹೊಡೆಯಿರಿ. ಸಣ್ಣ ಹುಳ ಕಂಡೊಡನೆ ಎಕರೆಗೆ 100 ಎಲ್‌ಇ (ನೂರು ರೋಗಪೀಡಿತ ಹುಳಗಳಿಂದ ಸಿಗುವಷ್ಟು) ಎನ್‌ಪಿವಿ ಎಂಬ, ಹುಳಕ್ಕೆ ರೋಗ ತರುವ ನಂಜಾಣುವಿನ ದ್ರಾವಣವನ್ನು ಬೆಲ್ಲ ಬೆರೆಸಿ, ಸಂಜೆ ಐದರ ನಂತರವೇ ಸಿಂಪಡಿಸಿ. ಬಿಸಿಲಿಗೆ ಆ ನಂಜಾಣು ಸಾಯುತ್ತದೆ. ಹುಳ ಬಲಿತಿದ್ದರೆ ಸಾಲಿನ ನಡುವೆ ತಾಡಪತ್ರಿ ಎಳೆದು ಗಿಡ ಅಲ್ಲಾಡಿಸಿ, ಬಿದ್ದ ಹುಳಗಳನ್ನು ಆಯ್ದು ನಾಶಮಾಡಿ.