ಗುಡ್ಡದ ಮೇಲೆ ಎಟಿವಿ ತಿಣುಕುತ್ತಿದೆಯೇ? ಜೆಟ್‌ಗೆ ಕೈ ಹಾಕುವ ಮೊದಲು ಇದನ್ನು ಓದಿ

ಮಳೆ ನಿಂತು ತೋಟದ ದಾರಿ ಒಣಗಿದ ಕೂಡಲೇ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಬಗ್ಗೆ ಇದೇ ಪ್ರಶ್ನೆಗಳು ಶುರುವಾಗುತ್ತವೆ. ಪ್ರತಿ ವರ್ಷ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಈ ಸಲ ಒಂದಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಮಂಗಳೂರಿನಿಂದ ಹಳೆಯ 250 ಸಿಸಿ ಎಟಿವಿ ತಂದೆ. ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ಏರು ಹತ್ತಲು ತಿಣುಕುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಏರ್ ಫಿಲ್ಟರ್ ತೆಗೆದು ಓಡಿಸಿ ಅಂತ ಒಬ್ಬರು ಹೇಳಿದರು. ಕಾರ್ಬುರೇಟರ್ ಸ್ಕ್ರೂ ಎಷ್ಟು ತಿರುಗಿಸಬೇಕು?

ಉತ್ತರ: ಫಿಲ್ಟರ್ ತೆಗೆದಿದ್ದರೆ ಈಗಲೇ ವಾಪಸ್ ಹಾಕಿ. ನಮ್ಮ ಕೆಂಪು ಧೂಳು ಸಿಲಿಂಡರ್ ಒಳಗೆ ಹೋದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ. ಹಾಗೆ ಓಡಿಸಿದ ಒಂದು ಗಾಡಿಯನ್ನು ನಾನೇ ಬಿಚ್ಚಿದ್ದೇನೆ. ಪಿಸ್ಟನ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು. ಇಂಥ ಸಲಹೆ ಕೊಡುವವರು ರಿಪೇರಿ ಬಿಲ್ ಕಟ್ಟಲು ಬರುವುದಿಲ್ಲ.

ಮಂಗಳೂರು ಇರುವುದು ಸಮುದ್ರದ ಮಟ್ಟದಲ್ಲಿ. ಮಡಿಕೇರಿ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಪೆಟ್ರೋಲನ್ನು ಆ ಲೆಕ್ಕಕ್ಕೆ ಇಳಿಸುವುದಿಲ್ಲ. ಹಾಗಾಗಿ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಪೆಟ್ರೋಲಿನ ಪಾಲು ಬೇಕಾದ್ದಕ್ಕಿಂತ ಜಾಸ್ತಿ. ಎಂಜಿನ್ ಬಲವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಇಳಿಯುತ್ತದೆ, ಅದನ್ನು ಯಾವ ಸ್ಕ್ರೂ ತಿರುಗಿಸಿದರೂ ವಾಪಸ್ ತರಲಾಗದು. ಆದರೆ ಈ ಎತ್ತರಕ್ಕೇ ಕಪ್ಪು ಹೊಗೆ ಬರುತ್ತಿದ್ದರೆ ನಾನು ಮೊದಲು ನೋಡುವುದು ಧೂಳು ಕಟ್ಟಿದ ಫಿಲ್ಟರ್ ಮತ್ತು ಪೂರ್ತಿ ವಾಪಸ್ ಹೋಗದ ಚೋಕ್. ಫೋಮ್ ಫಿಲ್ಟರ್ ಆದರೆ ಸೋಪು ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ.

ಆಮೇಲೂ ಸರಿಹೋಗದಿದ್ದರೆ ತೊಂದರೆ ಎಲ್ಲಿದೆ ಅಂತ ಹುಡುಕಿ. ಹೆಬ್ಬೆರಳಲ್ಲಿ ಒತ್ತುವ ಥ್ರಾಟಲ್ ಪಕ್ಕ ಒಂದು ಚೂರು ಟೇಪ್ ಅಂಟಿಸಿ, ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕಿ. ನೀವು ಕೇಳಿದ ಸ್ಕ್ರೂ ಕೆಲಸ ಮಾಡುವುದು ಐಡಲ್‌ನಿಂದ ಕಾಲು ಥ್ರಾಟಲ್‌ವರೆಗೆ ಮಾತ್ರ. ಅದು ಏರ್ ಫಿಲ್ಟರ್ ಕಡೆ ಇದ್ದರೆ ಹೊರಗೆ ತಿರುಗಿಸಿದಾಗ ಮಿಶ್ರಣ ಲೀನ್ (ಪೆಟ್ರೋಲ್ ಕಮ್ಮಿ) ಆಗುತ್ತದೆ, ಎಂಜಿನ್ ಕಡೆ ಇದ್ದರೆ ಒಳಗೆ ತಿರುಗಿಸಿದಾಗ. ಎಂಜಿನ್ ಬಿಸಿಯಾದ ಮೇಲೆ ಒಂದೊಂದು ಸಲಕ್ಕೆ ಕಾಲು ಸುತ್ತು ಸಾಕು. ನಡುವಿನ ಥ್ರಾಟಲ್‌ನಲ್ಲಿ ತೊಂದರೆ ಇದ್ದರೆ ಕಾರ್ಬುರೇಟರ್ ಒಳಗಿನ ನೀಡಲ್ (ಸೂಜಿ) ಮೇಲಿರುವ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ. ಪೂರ್ತಿ ಒತ್ತಿದಾಗ ಮಾತ್ರ ತಿಣುಕಿದರೆ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಒಂದು ಸೈಜ್ ಕಡಿಮೆ ಮಾಡಿ, 120 ಇದ್ದರೆ 117.5. ಎರಡು ಸೈಜ್ ಒಟ್ಟಿಗೆ ಬೇಡ. ಏರು ಹತ್ತಿಸಿ, ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತೆಳು ಕಂದು ಬಣ್ಣ ಇದ್ದರೆ ಸರಿ. ಒಣ ಮಸಿ ಇದ್ದರೆ ಇನ್ನೂ ರಿಚ್. ಬೆಳ್ಳಗಿದ್ದರೆ ಹಳೆಯ ಜೆಟ್ಟನ್ನೇ ಹಾಕಿ.

ಆ ಹಳೆಯ ಜೆಟ್ಟನ್ನು ಬಿಸಾಡಬೇಡಿ. ಗಾಡಿಯನ್ನು ಮತ್ತೆ ಮಂಗಳೂರಿಗೆ ಇಳಿಸುವ ದಿನ ಅದು ಬೇಕು. ಇಲ್ಲಿನ ಜೆಟ್‌ನಲ್ಲೇ ಕೆಳಗೆ ಓಡಿಸಿದರೆ ಮಿಶ್ರಣ ಲೀನ್ ಆಗಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳಬಹುದು. ಅನುಮಾನ ಬಂದಾಗ ನಾನು ಸ್ವಲ್ಪ ರಿಚ್ ಕಡೆಗೇ ಬಿಡುತ್ತೇನೆ. ಪ್ಲಗ್ ಮಸಿ ಹಿಡಿದರೆ ಬದಲಿಸಬಹುದು. ಪಿಸ್ಟನ್ ಹೋದರೆ ಎಂಜಿನ್ನೇ ಬಿಚ್ಚಬೇಕು, ಅಲ್ವಾ?

ಪ್ರಶ್ನೆ: ಜೆಟ್ ತೂತಿಗೆ ತಾಮ್ರದ ತಂತಿ ತೂರಿಸಿ ಕಿರಿದು ಮಾಡಿದರೆ?

ಉತ್ತರ: ಬೇಡ. ಜೆಟ್‌ಗೆ ತಂತಿ ತೂರಿಸುವ ಗ್ಯಾರೇಜ್‌ಗೆ ಹೋಗಲೂ ಬೇಡಿ.

ಪ್ರಶ್ನೆ: ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಜೆಟ್ ಬದಲಿಸಬೇಕಾ?

ಉತ್ತರ: ಬೇಕಿಲ್ಲ. ಅಷ್ಟು ಎತ್ತರಕ್ಕೆ ಸುಮ್ನೆ ಯಾಕೆ ಬಿಚ್ಚುತ್ತೀರಿ?

ಪ್ರಶ್ನೆ: ನನ್ನದು ಫ್ಯುಯೆಲ್ ಇಂಜೆಕ್ಷನ್ ಎಟಿವಿ. ಯಾವ ಜೆಟ್ ಹಾಕಲಿ?

ಉತ್ತರ: ಅದರಲ್ಲಿ ಜೆಟ್ಟೇ ಇಲ್ಲ. ಗಾಳಿಯ ಲೆಕ್ಕ ಅದೇ ನೋಡಿಕೊಳ್ಳುತ್ತದೆ.

ಪ್ರಶ್ನೆ: ಮಳೆಗಾಲ ಪೂರ್ತಿ ಶೆಡ್‌ನಲ್ಲಿತ್ತು, ಈಗ ಸ್ಟಾರ್ಟ್ ಆಗುತ್ತಿಲ್ಲ. ಟ್ಯೂನಿಂಗ್ ಮಾಡಿಸಲಾ?

ಉತ್ತರ: ಈಗಿನ ಪೆಟ್ರೋಲಲ್ಲಿ ಎಥನಾಲ್ ಇದೆ, ಅದು ನೀರು ಎಳೆದುಕೊಳ್ಳುತ್ತದೆ. ನಮ್ಮ ಜುಲೈ ತಿಂಗಳಲ್ಲಿ ಕೇಳಬೇಕೇ? ಕಾರ್ಬುರೇಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಟ್ಯಾಂಕನ್ನೂ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ.