ಯಾವ ಗ್ರೇಡಿಗೂ ಕಟ್ಬೇಡಿ ಮೇಡಂ

(ಸಂಪಾದಕರ ಉತ್ತರ)

ಈ ಸಲ ಒಂದೇ ಪತ್ರ ಎತ್ಕೊಂಡಿದೀನಿ, ಉಳಿದವರು ಕೋಪ ಮಾಡ್ಕೋಬೇಡಿ. ಹಾಸನದಿಂದ ಬಂದಿದ್ದು, ಹೆಸರು ಹಾಕ್ಬೇಡಿ ಅಂದಿದಾರೆ. ವಯಸ್ಸು 44, ಹೈಸ್ಕೂಲಲ್ಲಿ ಫಿಸಿಕ್ಸ್ ಪಾಠ ಮಾಡ್ತಾರೆ. ಒಂದಿನ ಏನನ್ನಿಸ್ತೋ ಏನೋ, ಮೊಬೈಲ್ ಅಂಗಡಿ ಮೇಲಿರೋ ಡ್ರಮ್ಸ್ ಕ್ಲಾಸಿಗೆ ಹೋಗಿ ಸೇರ್ಕೊಂಡಿದಾರೆ. ಫಾರಂನಲ್ಲಿ 'ಪೋಷಕರ ಸಹಿ' ಅಂತ ಕಾಲಂ ಇತ್ತಂತೆ, ತಾವೇ ಸೈನ್ ಹಾಕಿ ಕೊಟ್ಟಿದಾರೆ. ಕ್ಲಾಸಲ್ಲಿ ಮಿಕ್ಕವರೆಲ್ಲ ಆರನೇ ಏಳನೇ ಕ್ಲಾಸಿನ ಹುಡುಗ್ರು. ಅದು ಸಾಲ್ದು ಅಂತ ಬೆಳಿಗ್ಗೆ ಶಟಲ್, ಬೇಸಿಗೆ ರಜೇಲಿ ಈಜು, ಈಗ ಸ್ಟಾಫ್ ರೂಮಿನ ಗೆಳತಿ ಪಿಕಲ್‌ಬಾಲ್ ಅನ್ನೋ ಆಟಕ್ಕೆ ಬಾ ಅಂತ ಗಂಟುಬಿದ್ದಿದಾರೆ. ಅಷ್ಟರಲ್ಲಿ ಡ್ರಮ್ಸ್ ಮೇಷ್ಟ್ರು 'ಯಾವ ಗ್ರೇಡ್ ಎಕ್ಸಾಮಿಗೆ ಕಟ್ತೀರಾ' ಅಂತ ಶುರು ಹಚ್ಕೊಂಡ್ರು, ಇವರ ಅಣ್ಣ 'ಹತ್ತು ಕಡೆ ಗುಂಡಿ ತೋಡಿದ್ರೆ ಎಲ್ಲೂ ನೀರು ಬರಲ್ಲ, ಒಂದೇ ಕಡೆ ಆಳಕ್ಕೆ ತೋಡು' ಅಂದ್ರು. ಪ್ರಶ್ನೆ ಇದು: 'ಈ ವಯಸ್ಸಲ್ಲಿ ನಾಲ್ಕಾರು ಕಡೆ ಕೈ ಹಾಕಿ ಯಾವುದ್ರಲ್ಲೂ ಸಾಧನೆ ಮಾಡ್ದೇ ಇರೋದು ತಪ್ಪಲ್ವಾ ಸಾರ್?' ಜೊತೆಗೆ ಕೊನೇಲಿ ಸಣ್ಣ ಅಕ್ಷರದಲ್ಲಿ, ಮನೆಗೆ ಒಂದು ಡ್ರಮ್ ಕಿಟ್ ತಗೊಳ್ಳೋದಾ ಬೇಡ್ವಾ ಅಂತ.

ಮೊದಲು ನಿಮ್ಮಣ್ಣನವರಿಗೆ ಸಲ್ಲಬೇಕಾದ್ದು ಸಲ್ಲಿಸಿಬಿಡ್ತೀನಿ. ಅವರ ಮಾತು ಸುಳ್ಳಲ್ಲ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಶುರು ಮಾಡಿ ನಮ್ಮ ಲಯವಾದ್ಯಗಳನ್ನ ಯುರೋಪಿನ ಜಾಝ್ ವೇದಿಕೆ ತನಕ ಒಯ್ದಿದ್ದು ಶಟಲ್ ಆಡ್ತಾ ಆಡ್ತಾ ಅಲ್ಲ, ಜೀವಮಾನ ಇಡೀ ಒಂದನ್ನೇ ಹಿಡಿದು. ಅಂಥವರು ಬೇಕು, ಅವರಿಗೆ ಕೈಮುಗಿಯೋಣ. ಆಯ್ತಾ? ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ನೀರು ಬೇಕು ಅಂತ ಯಾರು ಹೇಳಿದ್ದು? ಮನೇಲಿ ನಲ್ಲಿ ಇದೆ. ನಿಮಗೆ ತೋಡೋದೇ ಖುಷಿ, ಅದನ್ನ ಪತ್ರದ ಎರಡನೇ ಪುಟದಲ್ಲಿ ನೀವೇ ಬರ್ಕೊಂಡಿದೀರಿ, 'ಕಿಕ್ಕೂ ಸ್ನೇರೂ ಮೊದಲ ಸಲ ಸರಿಯಾಗಿ ಕೂತಾಗ ಒಬ್ಬಳೇ ನಕ್ಕುಬಿಟ್ಟೆ' ಅಂತ. ಆ ಒಂದು ಸಾಲು ಬರೆದವರು ಅದರ ಮುಂದಿನ ಪ್ಯಾರಾದಲ್ಲೇ 'ಕ್ಷಮಿಸಿ, ಹುಚ್ಚಾಟ ಅನ್ನಿಸಬಹುದು' ಅಂತ ಬರೀತಾರೆ ಅಂದ್ರೆ ನನಗೆ ಸಿಟ್ಟು ಬರುತ್ತೆ. ಸ್ಟಿಕ್ಕುಗಳನ್ನ ಟಿಫನ್ ಬ್ಯಾಗಿನ ಅಡೀಲಿ ಬಚ್ಚಿಟ್ಕೊಂಡು ಸ್ಕೂಲಿಗೆ ಹೋಗ್ತೀರಂತೆ. ಯಾಕೆ ಮೇಡಂ, ಕದ್ದ ಮಾಲಾ ಅದು?

ಆ ಕಿಕ್ಕು ಸ್ನೇರು ವಿಚಾರ ಕೂತು ಬಾರಿಸಿ ನೋಡದವರಿಗೆ ಅರ್ಥ ಆಗಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾಲ್ಕು ಎಣಿಸೋ ಹೊತ್ತಲ್ಲಿ ಬಲಗೈ ಹೈ-ಹ್ಯಾಟ್ ಅನ್ನೋ ಜೋಡಿ ತಾಳದ ಮೇಲೆ ಒಂದೇ ಸಮ ಎಂಟು ಏಟು ಹಾಕ್ತಾ ಇರ್ಬೇಕು. ಎಡಗೈ ಸ್ನೇರ್ ಅನ್ನೋ ಚಿಕ್ಕ ಡ್ರಮ್ಮಿನ ಮೇಲೆ ಎರಡನೇ ಮತ್ತು ನಾಲ್ಕನೇ ಎಣಿಕೆಗೆ. ಬಲಗಾಲು ಒಂದಕ್ಕೆ ಮತ್ತು ಮೂರಕ್ಕೆ ಕಿಕ್, ಅಂದ್ರೆ ನೆಲದ ಮೇಲಿರೋ ದೊಡ್ಡ ಡ್ರಮ್ಮಿನ ಪೆಡಲ್ ಒತ್ಬೇಕು. ಕೇಳೋಕೆ ಇಷ್ಟೇ, ಅರ್ಧ ಸಿನಿಮಾ ಹಾಡು ಇದೇ ಬೀಟಿನ ಮೇಲೆ ನಡೆಯುತ್ತೆ. ಕೂತ್ಕೊಂಡು ನೋಡಿ. ಕೈಗಳು ಸರಿಯಾಗಿ ಹೋಗ್ತಾ ಇರ್ತವೆ, ಕಾಲು ಸೇರಿಸಿದ ತಕ್ಷಣ ಬಲಗೈ ಕಾಲಿನ ಹಿಂದೆ ಓಡುತ್ತೆ, ಎಂಟು ಹಾಕ್ಬೇಕಾದ ಕೈ ಎರಡೇ ಹಾಕಿ ನಿಂತುಬಿಡುತ್ತೆ. ಮೈ ನಂದೇ, ಮಾತು ಮಾತ್ರ ಕೇಳ್ತಿಲ್ಲ. ಮೂವತ್ತು ಮಕ್ಕಳನ್ನ ಒಂದು ನೋಟದಲ್ಲಿ ಸುಮ್ಮನಾಗಿಸೋ ಟೀಚರಿಗೆ ತನ್ನ ಬಲಗಾಲನ್ನೇ ಸುಮ್ಮನಾಗಿಸೋಕೆ ಆಗ್ತಿಲ್ಲ ಅಂದ್ರೆ ಅದು ಎಂಥಾ ಅನುಭವ! ಆಮೇಲೆ ಯಾವತ್ತೋ, ಯಾವ ಘೋಷಣೆನೂ ಇಲ್ದೇ, ಎಲ್ಲಾ ಕೂತ್ಕೊಂಡುಬಿಡುತ್ತೆ. ಇದಕ್ಕೆ ಸರ್ಟಿಫಿಕೇಟ್ ಬೇರೆ ಬೇಕಾ?

ಇನ್ನು ಒಂದನ್ನೇ ಹಿಡೀಬೇಕು ಅನ್ನೋದು. ನಿಮ್ಮ ಪತ್ರದಲ್ಲೇ ಒಂದು ರತ್ನ ಬಿದ್ದಿದೆ, ನೀವು ಗಮನಿಸಿಲ್ಲ. ಡ್ರಮ್ಸ್ ಮೇಷ್ಟ್ರು 'ಸ್ಟಿಕ್ ಬಿಗಿಯಾಗಿ ಹಿಡೀಬೇಡಿ' ಅಂತ ಬೈತಾರೆ, ಶಟಲ್ ಕೋಚು 'ರ‍್ಯಾಕೆಟ್ ಕತ್ತು ಹಿಸುಕ್ಬೇಡಿ' ಅಂತ ಬೈತಾರೆ ಅಂತ ಎರಡು ಬೇರೆ ಬೇರೆ ಕಡೆ ದೂರು ಹೇಳಿದೀರಿ. ಎರಡೂ ಒಂದೇ ಪಾಠ ರೀ! ಸ್ಟಿಕ್ಕಿಗೆ ಹೆಬ್ಬೆರಳು ತೋರುಬೆರಳ ನಡುವೆ ಒಂದು ಆಧಾರ ಕೊಟ್ಟು ಬಿಟ್ರೆ ಚರ್ಮದ ಮೇಲಿಂದ ಅದೇ ಎಗರಿ ವಾಪಸ್ ಬರುತ್ತೆ, ನೀವು ಎತ್ತಬೇಕಾಗೇ ಇಲ್ಲ. ರ‍್ಯಾಕೆಟ್ಟೂ ಹಾಗೇ, ಕೈ ಸಡಿಲ ಇರ್ಬೇಕು, ಶಟಲ್ ತಗಲೋ ಗಳಿಗೇಲಿ ಮಾತ್ರ ಬೆರಳು ಬಿಗಿಯಾಗ್ಬೇಕು, ಆಮೇಲೆ ಮತ್ತೆ ಸಡಿಲ. ಎದುರಿನವರು ಹೊಡೆಯೋ ಹೊತ್ತಿಗೆ ಸರಿಯಾಗಿ ಎರಡೂ ಕಾಲಲ್ಲಿ ಸಣ್ಣಗೊಂದು ಕುಪ್ಪಳಿಸಿ ತಯಾರಾಗೋದನ್ನ ಕಲಿಸಿರ್ತಾರಲ್ಲ, ಅದರಲ್ಲಿ ಲಯ ಅಲ್ದೇ ಇನ್ನೇನಿದೆ? ಒಂದನ್ನೇ ಹಿಡ್ಕೊಂಡು ಕೂತಿದ್ರೆ ಈ ಎರಡು ಬೈಗುಳ ಯಾವತ್ತೂ ಪಕ್ಕಪಕ್ಕ ಬರ್ತಿರಲಿಲ್ಲ.

ಫಿಸಿಕ್ಸ್ ಟೀಚರ್ ಅಂತ ಬೇರೆ ಹೇಳಿದೀರಿ, ಹಂಗಾಗಿ ಇದನ್ನ ಹೇಳ್ದೇ ಬಿಡಲ್ಲ. ಸಾಧಾರಣ ಡ್ರಮ್ಮಿನ ಚರ್ಮದಿಂದ ಮೂಲ ಸ್ವರದ ಜೊತೆ ಹೊರಡೋ ಉಪಸ್ವರಗಳು ಒಂದಕ್ಕೊಂದು ಪೂರ್ಣಾಂಕದ ಅನುಪಾತದಲ್ಲಿ ಇರಲ್ಲ, ಅದಕ್ಕೇ ಅದು ಶ್ರುತಿ ಇಲ್ಲದ ಢಬ್ ಢಬ್. ಮೃದಂಗದ ಬಲಮುಚ್ಚಳದ ನಡುವೆ ಕರಣೆ, ಅಂದ್ರೆ ಆ ಕಪ್ಪು ಲೇಪ, ಹಾಕಿ ಅಲ್ಲಿ ಚರ್ಮಕ್ಕೆ ತೂಕ ಕೊಟ್ರೆ ಅದೇ ಉಪಸ್ವರಗಳು ಸಾಲಾಗಿ ಬಂದು ನಿಲ್ತವೆ, ತಂತಿವಾದ್ಯದಲ್ಲಿ ಬಂದ ಹಾಗೆ. ಇದನ್ನ ಸಿ.ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೇಲಿ ಬರೆದ್ರು, ನೊಬೆಲ್ ಬರೋಕೆ ಹತ್ತು ವರ್ಷ ಮುಂಚೆ. ನಿಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಮೃದಂಗದವರು ಬಂದ್ರೆ ಅದನ್ನೂ ಒಂದು ಸಾಧಾರಣ ಡ್ರಮ್ಮನ್ನೂ ಪಕ್ಕದಲ್ಲಿಟ್ಟು ಒಂದೊಂದು ಏಟು ಹಾಕಿ ತೋರ್ಸಿ. ಶಬ್ದದ ಪಾಠ ಹುಡುಗ್ರು ಜನ್ಮದಲ್ಲಿ ಮರೆಯಲ್ಲ. ಸ್ಟಿಕ್ಕು ಟಿಫನ್ ಬ್ಯಾಗಿಂದ ಆಚೆ ಬರೋಕೆ ಅದೊಂದು ನೆಪನೂ ಆಯ್ತು.

ಪರೀಕ್ಷೆ ವಿಷಯಕ್ಕೆ ಬರ್ತೀನಿ, ನನ್ನ ಹಳೇ ಹೊಟ್ಟೆಯುರಿ ಇದು. ಲಂಡನ್ನಿನ ಟ್ರಿನಿಟಿ ಗ್ರೇಡು ಎಂಟರ ತನಕ ಇದೆ, ನಮ್ಮಲ್ಲಿ ಜೂನಿಯರ್ ಸೀನಿಯರ್ ವಿದ್ವತ್ ಇದೆ. ಮಕ್ಕಳಿಗೆ ಒಂದು ದಾರಿ ಬೇಕು, ಮುಂದೆ ಅದನ್ನೇ ವೃತ್ತಿ ಮಾಡ್ಕೊಳ್ಳೋರಿಗೂ ಬೇಕು, ಸರಿ. ಆದ್ರೆ 44 ವರ್ಷದ ಹೆಂಗಸು, ಎಸ್ಸೆಸ್ಸೆಲ್ಸಿ ಪಿಯುಸಿ ಡಿಗ್ರಿ ಬಿ.ಎಡ್ ಎಲ್ಲಾ ಬರೆದು ಮುಗಿಸಿ, ಈಗ ಬೇರೆಯವರ ಉತ್ತರಪತ್ರಿಕೆ ತಿದ್ತಾ ಇರೋರು, ಸಂಜೆ ಒಂದು ಗಂಟೆ ತನಗೋಸ್ಕರ ಅಂತ ಎತ್ತಿಟ್ರೆ ಅಲ್ಲೂ ಎಕ್ಸಾಮಾ? ಮೇಷ್ಟ್ರದ್ದು ತಪ್ಪಲ್ಲ ಬಿಡಿ, ಅವರ ಕ್ಲಾಸಿನ ಬೋರ್ಡಿಗೆ ರಿಸಲ್ಟ್ ಬೇಕು. ನಯವಾಗಿ ಹೇಳಿ, 'ಸಾರ್, ನಂಗೆ ಪ್ಯಾರಾಡಿಡಲ್ ಕಲಿಸಿ ಸಾಕು' ಅಂತ. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಈ ಥರದ ರೂಡಿಮೆಂಟುಗಳು, ಅಂದ್ರೆ ಕೈಗೆ ಕಲಿಸೋ ಮೂಲಪಾಠಗಳು, ಈಗಿನ ಪಟ್ಟಿ ಪ್ರಕಾರ 40 ಇದಾವೆ, ವರ್ಷಕ್ಕೆ ನಾಲ್ಕು ಕಲಿತ್ರೂ ಹತ್ತು ವರ್ಷ ಬೇಕು.

ನಿಮ್ಮ ಮಗ, ಕೊಡಗಿನ ಟೆನಿಸ್ ಆಟಗಾರ ಬೋಪಣ್ಣನ ಉದಾಹರಣೆ ಕೊಟ್ಟು ಧೈರ್ಯ ತುಂಬಿದ ಅಂತ ಬರೆದಿದೀರಿ. ಒಳ್ಳೇ ಹುಡುಗ. ಆದ್ರೆ ಅದು ತಪ್ಪು ಉದಾಹರಣೆ. ರೋಹನ್ ಬೋಪಣ್ಣ 2024ರ ಜನವರೀಲಿ 43ನೇ ವಯಸ್ಸಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆಗಿದ್ದು ಚಿಕ್ಕಂದಿನಿಂದ ಅದನ್ನೇ ಮಾಡಿ. ನಿಮಗೆ ಬೇಕಾಗಿರೋ ಕೊಡಗು ಬೇರೆ. ಅಲ್ಲಿನ ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದ್ರೆ ಹಾಕಿ ಹಬ್ಬ, ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಒಂದೊಂದು ಕುಟುಂಬ ಒಂದೊಂದು ಟೀಮು. 2024ರಲ್ಲಿ ನಾಪೋಕ್ಲಲ್ಲಿ ಕುಂಡ್ಯೋಳಂಡದವರು ನಡೆಸಿದಾಗ 360 ಕುಟುಂಬ ಇಳಿದು ಗಿನ್ನೆಸ್ ದಾಖಲೆ ಆಯ್ತು. ದೇಶಕ್ಕಾಗಿ ಆಡಿದವರೂ ಬಂದು ತಮ್ಮ ಮನೆ ಟೀಮಿಗೆ ಆಡ್ತಾರೆ, ಅದೇ ಟೀಮಲ್ಲಿ ಮನೆ ಹೆಣ್ಮಕ್ಕಳಿರ್ತಾರೆ, ಸ್ಕೂಲ್ ಹುಡುಗ್ರು ಇರ್ತಾರೆ, ಹೊಟ್ಟೆ ಬಂದ ಮಾವಂದಿರು ಇರ್ತಾರೆ. ಮಾವನ ಕೈಯಿಂದ ಬಾಲ್ ತಪ್ಪಿದ್ರೆ ನಗ್ತಾರೆ, ಬೈತಾರೆ, ಆದ್ರೆ 'ಈ ವಯಸ್ಸಲ್ಲಿ ನಿಂಗ್ಯಾಕೆ' ಅಂತ ಕೇಳಲ್ಲ. ಟೀಮು ಅವರ ಮನೇದು, ಯಾರು ಯಾರನ್ನ ತೆಗೆದುಹಾಕ್ತಾರೆ?

ನಮ್ಮ ಕಡೆ, ಅಂದ್ರೆ ಘಟ್ಟದ ಅಂಚಲ್ಲಿ, ತಾಳಮದ್ದಲೆ ಸಂಘಗಳೂ ಹಿಂಗೇ. ಹಗಲು ಅಡಿಕೆ ಸುಲಿಸೋರು, ಸೊಸೈಟಿ ಲೆಕ್ಕ ಬರೆಯೋರು, ವಕೀಲರು, ರಾತ್ರಿ ಆಯ್ತು ಅಂದ್ರೆ ಒಬ್ಬ ಕೌರವ ಒಬ್ಬ ಕೃಷ್ಣ. ನಮ್ಮೂರಲ್ಲಿ ಒಬ್ರು ಪೋಸ್ಟ್ ಮಾಸ್ಟರ್ ಇದ್ರು, ಐವತ್ತು ದಾಟಿದ ಮೇಲೆ ಚೆಂಡೆ ಕಲಿಯೋಕೆ ಕೂತ್ರು. ಏರು ಪದ್ಯ ಬಂತು ಅಂದ್ರೆ ಇವರ ಕೈ ಭಾಗವತರಿಗಿಂತ ಮುಂದೆ ಓಡೋದು, ಭಾಗವತರು ಹಾಡ್ತಾನೇ ಕಣ್ಣು ಬಿಡೋರು, ಮದ್ದಲೆಯವರು ಮೊಣಕೈಯಲ್ಲಿ ತಿವಿಯೋರು, ಇವರು ಒಂದು ಕ್ಷಣ ನಿಂತು ಮತ್ತೆ ಸೇರ್ಕೊಳ್ಳೋರು. ಎಷ್ಟೋ ವರ್ಷ ಹಂಗೇ ಬಾರಿಸಿದ್ರು, ಚೂರು ಸುಧಾರಿಸಿದ್ರು, ತೀರಾ ಅಲ್ಲ. ಅವರಿಗೆ ಯಾವ ಸನ್ಮಾನನೂ ಆಗ್ಲಿಲ್ಲ, ಆದ್ರೆ ಅವರು ಬರದ ದಿನ 'ಪೋಸ್ಟ್ ಮಾಸ್ಟ್ರು ಎಲ್ಲಿ' ಅಂತ ನಾಲ್ಕು ಜನ ಕೇಳೋರು. ಈಗ ಇಂಥ ಜಾಗ ಯಾವೂರಲ್ಲಿ ಎಷ್ಟು ಉಳಿದಿದೆ ಹೇಳಿ. ಸುಮಾರಾಗಿ ಬಾರಿಸೋರಿಗೂ ಒಂದು ಚಾಪೆ ಇರ್ತಿತ್ತು, ಈಗ ಮೊಬೈಲಲ್ಲಿ ಜಗತ್ತಿನ ಅತ್ಯುತ್ತಮ ಡ್ರಮ್ಮರ್ ಮೂವತ್ತು ಸೆಕೆಂಡಲ್ಲಿ ಬಂದು ಬಾರಿಸಿ ಹೋಗ್ತಾನೆ, ಅದನ್ನ ನೋಡಿ ಸುಮಾರಾಗಿರೋರೆಲ್ಲ ಸ್ಟಿಕ್ ಕೆಳಗಿಟ್ಟು ಲೈಕ್ ಒತ್ತೋ ಕೆಲಸಕ್ಕೆ ಸೇರ್ಕೊಂಡಿದಾರೆ.

ಇನ್ನೊಂದು ಹೊಸ ಕಾಟ, 'ಮೆದುಳಿಗೆ ಒಳ್ಳೇದಂತೆ'. ನೀವೂ ಅದನ್ನ ಬರೆದಿದೀರಿ, ಮನೆಯವರಿಗೆ ಅದನ್ನೇ ಹೇಳಿ ಒಪ್ಪಿಸಿದೀನಿ ಅಂತ. ಜರ್ಮನಿಯವರು 2004ರಲ್ಲಿ ಒಂದಿಷ್ಟು ಜನಕ್ಕೆ ಮೂರು ಚೆಂಡು ಎಸೆದು ಹಿಡಿಯೋದನ್ನ ಕಲಿಸಿ ಮೆದುಳು ಸ್ಕ್ಯಾನ್ ಮಾಡಿದ್ರು, ಒಂದು ಭಾಗ ಕೊಂಚ ಬೆಳೆದಿತ್ತು. ಆಮೇಲೆ 60ರ ಆಸುಪಾಸಿನವರ ಮೇಲೆ ಮಾಡಿದಾಗ್ಲೂ ಬದಲಾವಣೆ ಕಾಣಿಸ್ತು. ಆದ್ರೆ ಪ್ರಾಕ್ಟೀಸ್ ನಿಲ್ಲಿಸಿದ ಮೇಲೆ ಬೆಳೆದಿದ್ದು ಇಳೀತಾ ಬಂತು ಅನ್ನೋದನ್ನ ಫಾರ್ವರ್ಡ್ ಮಾಡೋರು ಯಾರೂ ಹೇಳಲ್ಲ. ಇರ್ಲಿ, ಒಳ್ಳೇದೇ. ಆದ್ರೆ ಡ್ರಮ್ಸ್ ಬಾರಿಸೋಕೆ ಮೆದುಳಿನ ಲಾಭ ತೋರಿಸ್ಬೇಕು, ಓಡೋಕೆ ಶುಗರ್ ರಿಪೋರ್ಟ್ ತೋರಿಸ್ಬೇಕು, ಈಜೋಕೆ ಬೆನ್ನುನೋವಿನ ಕಾರಣ ಬೇಕು. ಅದೇ ಮನೇಲಿ ಯಾರೋ ಗಂಡಸರು ಭಾನುವಾರ ಇಡೀ ಕೂತು ಕ್ರಿಕೆಟ್ ನೋಡಿದ್ರೆ ಮೆದುಳಿಗೆ ಏನಾಯ್ತು ಅಂತ ಯಾರೂ ಕೇಳಲ್ಲ. ಫೌಜಾ ಸಿಂಗ್ ಮೊದಲ ಮ್ಯಾರಥಾನ್ ಓಡಿದ್ದು 89ನೇ ವಯಸ್ಸಲ್ಲಿ. 2011ರಲ್ಲಿ ಟೊರಾಂಟೊದಲ್ಲಿ ನೂರರ ಮುದುಕಪ್ಪ ಇಡೀ 42 ಕಿಲೋಮೀಟರ್ ಮುಗಿಸಿದ್ರೆ ಗಿನ್ನೆಸ್‌ನವರು ಬರ್ತ್ ಸರ್ಟಿಫಿಕೇಟ್ ಇಲ್ಲ ಅಂತ ದಾಖಲೆಗೆ ಸೇರಿಸ್ಕೊಳ್ಳಲಿಲ್ಲ. 1911ರ ಪಂಜಾಬಿನ ಹಳ್ಳೀಲಿ ಯಾರಿಗೆ ಸ್ವಾಮಿ ಬರ್ತ್ ಸರ್ಟಿಫಿಕೇಟ್? ಕಾಗದ ಇಲ್ಲ ಅಂತ ಆ ಮನುಷ್ಯ ಓಡೋದು ನಿಲ್ಲಿಸಲಿಲ್ಲ.

ಜಾಗದ ಮಾತು ಬಂತು ಅಂತ ಹೇಳ್ತೀನಿ. ಬೇಸಿಗೆ ಶಿಬಿರ ಅಂದ್ರೆ 5ರಿಂದ 15 ವರ್ಷದವರಿಗೆ. ಪಾರ್ಕಿನ ಬೋರ್ಡಲ್ಲಿ ಆಟ ಆಡಬಾರದು ಅಂತ ಬರೆದು ದೊಡ್ಡವರಿಗೆ ಸುತ್ತು ಹೊಡೆಯೋದೊಂದನ್ನ ಬಿಟ್ಟಿದಾರೆ. ಸ್ಕೂಲ್ ಮೈದಾನಕ್ಕೆ ಸಂಜೆ ಐದಕ್ಕೆ ಬೀಗ. ನಿಮ್ಮದೇ ಸ್ಕೂಲಿನ ಮೈದಾನ ಸಂಜೆ ಏನಾಗಿರುತ್ತೆ, ನೋಡಿ ಬರೀರಿ, ಹಾಕ್ತೀನಿ. ದುಡ್ಡು ಕೊಟ್ರೆ ಗಂಟೆ ಲೆಕ್ಕದ ಕೋರ್ಟ್ ಇದೆ, ಒಪ್ಪಿದೆ, ಆದ್ರೆ ದುಡ್ಡು ಕೊಟ್ಟು ಬಂದವನು ಸುಮಾರಾಗಿ ಆಡೋರನ್ನ ಜೊತೆಗೆ ಸೇರಿಸ್ಕೊಳ್ಳಲ್ಲ, ಅವನಿಗೂ ಆ ಗಂಟೆ ವಸೂಲಾಗ್ಬೇಕು.

ಪಿಕಲ್‌ಬಾಲ್‌ಗೆ ಹೋಗಿ. ಅದರ ಕೋರ್ಟು 44 ಅಡಿ ಉದ್ದ 20 ಅಡಿ ಅಗಲ, ಶಟಲ್ ಡಬಲ್ಸ್ ಕೋರ್ಟಿನ ಅಳತೆನೇ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಅನ್ನೋ ಶಾಸಕರೂ ಅವರ ಸ್ನೇಹಿತರೂ ರಜೇಲಿ ಮನೆಯವರ ಬೇಜಾರು ಕಳೆಯೋಕೆ ಹಿತ್ತಲಿನ ಹಳೇ ಶಟಲ್ ಕೋರ್ಟಲ್ಲಿ ಕೈಗೆ ಸಿಕ್ಕಿದ ಬ್ಯಾಟು ಬಾಲು ಹಿಡ್ಕೊಂಡು ಹುಟ್ಟಿಸಿದ ಆಟ. ದೊಡ್ಡವರು ಕೆಲಸ ಇಲ್ದೇ ಆಡ್ತಾ ಆಡ್ತಾ ಆಗಿದ್ದು, ನಿಮಗೆ ಹೇಳಿ ಮಾಡಿಸಿದ್ದು.

ಒಂದೇ ಎಚ್ಚರಿಕೆ. ಶಟಲ್ ಕೋರ್ಟಿಗೆ ಸೀದಾ ಬೈಕಿಂದ ಇಳಿದು ಓಡ್ಬೇಡಿ, ಹಿಮ್ಮಡಿ ಮೇಲಿನ ಆ ದಪ್ಪ ಸ್ನಾಯುರಜ್ಜು (ಅಕಿಲಿಸ್ ಟೆಂಡನ್) ನಮ್ಮ ವಯಸ್ಸಿನವರಿಗೆ ಟಪ್ ಅಂತ ಹರಿಯೋದು ಇಂಥ ಆಟಗಳಲ್ಲೇ. ಹತ್ತು ನಿಮಿಷ ಮೈ ಬಿಸಿ ಮಾಡ್ಕೊಳ್ಳಿ. ಡ್ರಮ್ಸ್ ಮುಂದೆ ಕೂರೋವಾಗ ಕಿವಿಗೆ ಪ್ಲಗ್ ಇರ್ಲಿ, ಚಿಕ್ಕ ರೂಮಲ್ಲಿ ಸ್ನೇರ್ ಸದ್ದು ಸಾಮಾನ್ಯದ್ದಲ್ಲ.

ಕಿಟ್ ಈಗ್ಲೇ ಬೇಡ. ಒಂದು ಜೊತೆ 5ಎ ಅಳತೆಯ ಸ್ಟಿಕ್ಕು, ಒಂದು ರಬ್ಬರ್ ಪ್ಯಾಡು, ಲಯ ಹಿಡಿಯೋಕೆ ಫೋನಲ್ಲಿ ಮೆಟ್ರೊನೋಮ್, ಸಾಕು. ಆರು ತಿಂಗಳಾದ್ಮೇಲೂ ಆಸೆ ಇದ್ರೆ ಎಲೆಕ್ಟ್ರಾನಿಕ್ ಕಿಟ್ಟು ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ, ಹೆಡ್‌ಫೋನ್ ಹಾಕ್ಕೊಂಡು ಬಾರಿಸ್ಬಹುದು. ಅದರಲ್ಲೂ ಕಿಕ್ ಪೆಡಲ್ ಏಟು ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತೆ, ಅದಕ್ಕೆ ಎರಡು ಪ್ಲೈವುಡ್ ಹಲಗೆ ನಡುವೆ ಹಳೇ ಟೆನಿಸ್ ಬಾಲ್‌ಗಳನ್ನ ಸಾಲಾಗಿ ಕೂರಿಸಿ ಅದರ ಮೇಲೆ ಕಿಟ್ ಇಟ್ರೆ ಸದ್ದು ತುಂಬಾ ತಗ್ಗುತ್ತೆ, ನಿಮ್ಮೂರಿನ ಟೆನಿಸ್ ಕ್ಲಬ್ಬಲ್ಲಿ ಕೇಳಿದ್ರೆ ಸವೆದ ಬಾಲು ಸುಮ್ನೆ ಕೊಡ್ತಾರೆ. ಸೆಕೆಂಡ್ ಹ್ಯಾಂಡ್ ಕಿಟ್ಟಿಗೆ ನಿಮ್ಮ ಕ್ಲಾಸಲ್ಲೇ ವಿಚಾರಿಸಿ, ಎರಡನೇ ಗ್ರೇಡಿಗೆ ಬಿಟ್ಟುಬಿಟ್ಟ ಹುಡುಗ್ರ ಮನೇಲಿ ಬಟ್ಟೆ ಒಣಗ್ಹಾಕೋಕೆ ಇಟ್ಕೊಂಡಿರೋ ಕಿಟ್ಟು ಒಂದಾದ್ರೂ ಇದ್ದೇ ಇರುತ್ತೆ. ಹೇಳಿದ ರೇಟಿಗೆ ಒಪ್ಪಬೇಡಿ, ಪೆಡಲ್ಲು ಸ್ಟೂಲು ಸೇರಿಸಿ ಕೊಡಿ ಅಂತ ಪಟ್ಟು ಹಿಡೀರಿ.